ಹಲಗೆಯ ಗೆರೆ

ಬರ ಬಿದ್ದು ಹಲಬರ್ಗಾದ ನಮ್ಮ ಅರ್ಧ ಓಣಿ ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋಗಿದ್ದ ವರ್ಷಗಳಲ್ಲಿ, ನಾನು ಬೀದರದಲ್ಲಿ ಕಂಪ್ಯೂಟರಿನೊಳಗೆ ಬೆನ್ನೆಲುಬು ಕಟ್ಟುತ್ತಿದ್ದೆ. ಭಾಲ್ಕಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದ ನನಗೆ, ಬೀದರದ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆ ಕಲಿಸುತ್ತಿದ್ದ ಔರಾದ ಕಡೆಯ ಮೇಡಂ ಒಬ್ಬರು ಒಂದು ತಿಂಗಳ ಅವಕಾಶ ಕೊಟ್ಟಿದ್ದರು. ಸ್ಕ್ಯಾನ್ ಫಿಲ್ಮುಗಳಲ್ಲಿ ದೇಹ ಅಡ್ಡಡ್ಡ ಸೀಳಿದಂತೆ ಕಾಣುತ್ತದೆ. ಪ್ರತಿ ಚಿತ್ರದಲ್ಲೂ ಎಲುಬನ್ನು ಗುರುತಿಸಿ, ಒಂದರ ಮೇಲೊಂದು ಪೇರಿಸಿದರೆ, ವಿದ್ಯಾರ್ಥಿಗಳು ಸುತ್ತಲೂ ತಿರುಗಿಸಿ ನೋಡುವಂಥ ಬೆನ್ನೆಲುಬು ಪರದೆಯ ಮೇಲೆ ನಿಲ್ಲಬೇಕು. ನಿಂತರೆ ನನಗೆ ನೌಕರಿ. ಇಲ್ಲದಿದ್ದರೆ ಅವ್ವನ ಜೊತೆ ನಾನೂ ಇಟ್ಟಿಗೆ ಹೊರಲು ಹೈದರಾಬಾದಿಗೆ.

ನಾನು ಕಟ್ಟಿದ ಬೆನ್ನೆಲುಬು ಕುಡಿದವನ ಹಾಗೆ ಜೋಲಿ ಹೊಡೆಯಿತು. ಎಷ್ಟು ಸಲ ಕಟ್ಟಿದರೂ ಅದೇ ಹಾಡು. ಕುಣಿಯಲಾರದವಳು ನೆಲ ಡೊಂಕೆಂದಳಂತೆ, ನಾನು ಕಂಪ್ಯೂಟರ್ ಹಳೆಯದು ಎಂದೆ. "ಮಷೀನ್ ಬಿಡ್ರಿ, ನಿಮ್ಮ ಕೈ ನೋಡ್ಕೋರಿ" ಎಂದರು ಮೇಡಂ. ಇನ್ನು ಮೂರೇ ದಿನ ಉಳಿದಿದ್ದವು.

ಅವತ್ತೇ ಅವ್ವ ಬೀದರದ ಚಿದ್ರಿಯಲ್ಲಿದ್ದ ನನ್ನ ಬಾಡಿಗೆ ಕೋಣೆಗೆ ಬಂದಳು. ನನ್ನನ್ನು ಕರೆದೊಯ್ಯಲೆಂದೇ ಬಂದಿದ್ದಳು, ಬಾಯಿಬಿಟ್ಟು ಹೇಳಲಿಲ್ಲ. ಸುಮ್ಮನೆ ಕೂರಲಾರದೆ ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯತೊಡಗಿದಳು. ನಾನು ಸಿಟ್ಟಿನಲ್ಲಿ ಫಿಲ್ಮುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ.

"ಕೆಳಗ ಇದೇನ ಗೆರಿ?" ಎಂದಳು ಅವ್ವ.

"ರೋಗಿ ಮಲಗಿದ ಹಲಗಿ. ಎಲ್ಲಾದರಾಗೂ ಬರ್ತದ. ಕಸ ಅಂತ ಮೊದಲ ಕತ್ತರಿಸಿ ಬಿಡ್ತೇನಿ."

ಅವ್ವನ ಸೂಜಿ ನಿಂತಿತು. "ಹೊಲಿಯೂದಕಿಂತ ಮೊದಲ ಯಾರರ ಅಂಚು ಕತ್ತರಿಸ್ತಾರೇನ? ಮೂಲಿಗೆ ಕಚ್ಚಾ ಟಾಕಿ ಹಾಕಿ ಪದರ ಹಿಡದಿಡಬೇಕು, ಹೊಲಿದ ಮ್ಯಾಲ ಅಂಚು ಕತ್ತರಿಸಬೇಕು. ಇಲ್ಲಂದ್ರ ಒಳಗಿನ ಪದರ ಸರೀತಾವ."

ನನಗೆ ನಾಚಿಕೆಯಾಯಿತು. ಕಂಪ್ಯೂಟರಿಗೆ ಏರಿಸಲು ಫಿಲ್ಮುಗಳನ್ನು ಒಂದೊಂದಾಗಿ ಸ್ಕ್ಯಾನರಿನಲ್ಲಿ ಇಡುವಾಗ ಚೂರುಚೂರು ಸೊಟ್ಟಾಗುತ್ತಿದ್ದವು. ಹಲಗೆ ಮಾತ್ರ ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿರಬೇಕಾದದ್ದು; ಆ ಸೊಟ್ಟನ್ನು ತೋರಿಸಬಲ್ಲ ಒಂದೇ ಗೆರೆಯನ್ನು ನಾನೇ ಅಳಿಸುತ್ತಿದ್ದೆ. ಮರುದಿನ ಹಲಗೆಯ ಎರಡೂ ತುದಿಗಳನ್ನು ಎಲ್ಲ ಚಿತ್ರಗಳಲ್ಲೂ ಒಂದಕ್ಕೊಂದು ಹೊಂದಿಸಿ, ಆಮೇಲೆ ಪೇರಿಸಿದೆ. ಬೆನ್ನೆಲುಬು ನಿಂತಿತು.

ಮೇಡಂ ನೌಕರಿ ಖಾತ್ರಿ ಮಾಡಿ, ಅವ್ವನನ್ನೂ ಕರೆಸಿ ಪರದೆಯ ಮುಂದೆ ಕೂರಿಸಿದರು. ನಾನು ಚಿತ್ರ ತಿರುಗಿಸಿದಂತೆಲ್ಲ ಅವ್ವ ತಾನೂ ಕತ್ತು ತಿರುಗಿಸಿದಳು.

"ಇಟ್ಟಂಗಿ ಹೊತ್ತಾಗ ನನಗ ನೋಯೂದು ಯಾವುದು?"

ಸೊಂಟದ ಬಳಿಯ ಎಲುಬನ್ನು ದೊಡ್ಡದು ಮಾಡಿ ತೋರಿಸಿದೆ. ಅವ್ವ ತನ್ನ ಸೊಂಟದ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ನೋಡಿದಳು. "ಇಷ್ಟ ಸಣ್ಣದ ಏನ? ಪಾಪ, ಭಾಳ ದುಡದದ" ಎಂದಳು, ಮನೆಯ ಎತ್ತಿನ ಬಗ್ಗೆ ಹೇಳಿದಂತೆ. ಬೈಯದೆ ಕಾದ ಮೇಡಂ, ಹೊಲಿಯುತ್ತಲೇ ದಾರಿ ತೋರಿಸಿದ ಅವ್ವ, ಇಬ್ಬರ ಋಣದಲ್ಲಿ ಇವತ್ತಿಗೂ ಉಣ್ಣುತ್ತಿದ್ದೇನೆ.

ಸಂಜೆ ಕೋಣೆಯಲ್ಲಿ ಅವ್ವ ಚೀಲದಿಂದ ಎರಡು ಸಿಂಬಿ ತೆಗೆದಳು. ಹೊರೆ ಹೊರುವಾಗ ತಲೆಯ ಮೇಲಿಡುವ ಬಟ್ಟೆಯ ಸಿಂಬಿ. ಒಂದು ಸವೆದದ್ದು, ತನ್ನದು. ಇನ್ನೊಂದು ಹೊಸದು, ನನಗೆಂದೇ ಸುತ್ತಿ ತಂದದ್ದು. ನನ್ನದನ್ನು ಬಿಚ್ಚಿ, ಅಂಗೈಯಿಂದ ಸವರಿ, ಕೌದಿಯ ಒಳಪದರಕ್ಕೆ ಹಾಸಿದಳು. ತನ್ನದನ್ನು ಮರಳಿ ಚೀಲಕ್ಕೆ ಇಡಹೋದಳು. ನಾನು ಅದನ್ನೂ ಇಸಿದುಕೊಂಡು ಬಿಚ್ಚಿದೆ.