ಗಿರಣಿ ಗೋಡೆಯ ಮಾರ್ಕ್ಸ್ ಕಾರ್ಡು

ನರ್ಸಿಂಗ್ ಶಾಲೆಗೆ ಸೇರಲು ಪಟ್ಟ ಪಾಡು ನೆನೆದರೆ ಈಗಲೂ ನನಗೆ ಸುಸ್ತಾಗುತ್ತದೆ. ವಾರ್ಡಿನಲ್ಲಿ ವರ್ಷಗಟ್ಟಲೆ ನಿಂತ ಕಾಲುಗಳಿವು, ನಿಲ್ಲುವುದು ಇವಕ್ಕೆ ಹೊಸದಲ್ಲ. ಆದರೂ ಆ ವರ್ಷದ ಸುಸ್ತೇ ಬೇರೆ. ಗುಬ್ಬಿಯಿಂದ ತುಮಕೂರಿಗೆ, ತುಮಕೂರಿಂದ ಗುಬ್ಬಿಗೆ, ಎದೆಗವಚಿಕೊಂಡ ಒಂದು ಕವರು, ಅದರೊಳಗೆ ನನ್ನ ಪಿಯುಸಿ ಮಾರ್ಕ್ಸ್ ಕಾರ್ಡು.

ತೊಂಬತ್ತರ ದಶಕದ ಮಾತು. ನಮ್ಮೂರು ಕಡಬ. ಅಪ್ಪ ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ನಾನು ಗುಬ್ಬಿಗೆ ಹೋಗಿ ಪಿಯುಸಿಯಲ್ಲಿ ಸೈನ್ಸ್ ಓದಿದೆ. ಓದಿದೆ ಅನ್ನುವುದಕ್ಕಿಂತ ಹೆಣಗಿದೆ ಅನ್ನಬೇಕು. ಫಿಸಿಕ್ಸು, ಮ್ಯಾಥ್ಸು ಎರಡೂ ಹೋದವು. ಬೇರೆ ಊರಲ್ಲಾದರೆ ಫೇಲಾದವರು ಮನೆಯೊಳಗೆ ಕೂತು ಅತ್ತರೆ ಮುಗಿಯಿತು. ನಮ್ಮದು ಗಿರಣಿ ಮನೆ. ರಾಗಿ ತಂದವರು ಹಿಟ್ಟಾಗುವ ತನಕ ಜಗಲಿಯ ಮೇಲೆ ಕೂರುತ್ತಾರೆ, ಕೂತವರಿಗೆ ಊರಿನ ಮಕ್ಕಳ ರಿಸಲ್ಟು ಬೇಕೇ ಬೇಕು. ಅಪ್ಪ ಮಿಷನ್ ಸದ್ದಿನಲ್ಲಿ ಏನೂ ಕೇಳಿಸದವನ ಹಾಗೆ ಇದ್ದುಬಿಡುತ್ತಿದ್ದ.

ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಮಾರ್ಕ್ಸ್ ಕಾರ್ಡಿನ ಕೆಳಗಿದ್ದ 'ಫೇಲ್' ಎಂಬ ಒಂದು ಪದ ಅವನಿಗೂ ಗುರುತು ಸಿಕ್ಕಿತು. ಕಾರ್ಡು ತೆಗೆದುಕೊಂಡು ಹೊರಗೆ ಹೋದ. ಬಂದವನು, "ಒಲೆಗೆ ಹಾಕ್ದೆ. ಇನ್ನ್ ಅದ್ರ ಮಾತು ಬ್ಯಾಡ" ಅಂದ. ನಿಜ ಹೇಳಬೇಕೆಂದರೆ ನನಗೂ ಪೀಡೆ ತೊಲಗಿತು ಅನ್ನಿಸಿತು.

ಮುಂದಿನ ಪರೀಕ್ಷೆಯಲ್ಲಿ ಎರಡೂ ವಿಷಯ ಮೂವತ್ತೈದು ಮೂವತ್ತೈದಕ್ಕೆ ಪಾಸಾದವು. ಅಪ್ಪ ಆ ಕಾರ್ಡನ್ನು ಗುಬ್ಬಿಯ ಜೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿ, ಒಂದು ಮೂಲೆಗೆ ತೂತು ಹೊಡೆಸಿ, ಗಿರಣಿಯ ಸ್ವಿಚ್ಚಿನ ಪಕ್ಕ ಮೊಳೆಗೆ ನೇತುಹಾಕಿದ. ಹಿಟ್ಟಿಗೆ ಬಂದವರೆಲ್ಲ ನೋಡಲಿ ಅಂತ. ಮುಟ್ಟಿದರೆ ದಪ್ಪಗಿತ್ತು. ಕೇಳಿದ್ದಕ್ಕೆ, "ಒಳಗೆ ರಟ್ಟು ಇಡ್ಸಿದೀನಿ, ಮಡಚ್ಕಬಾರ್ದು ಅಂತ" ಅಂದ.

ನರ್ಸಿಂಗ್ ಶಾಲೆಗಳಲ್ಲಿ ನಲವತ್ತು ಪರ್ಸೆಂಟ್ ಕೇಳುತ್ತಿದ್ದರು. ಲೆಕ್ಕಕ್ಕೆ ನನ್ನದು ಅದಕ್ಕಿಂತ ತುಸು ಮೇಲೇ ಇತ್ತು. ಕಾರ್ಡನ್ನು ಮೊಳೆಯಿಂದ ತೆಗೆದು, ಹಿಟ್ಟು ಒರೆಸಿ, ತುಮಕೂರಿಗೆ ಹೋದೆ. ಮೊದಲ ಶಾಲೆಯ ಗುಮಾಸ್ತೆ ಕಾರ್ಡು ನೋಡಿ, "ಇದ್ರಲ್ಲಿ ಎರಡೇ ಸಬ್ಜೆಕ್ಟ್ ಇದೆಯಲ್ಲಮ್ಮ, ಇನ್ನ್ ನಾಲ್ಕು ಎಲ್ಲಿ?" ಅಂದರು. ನಾನು ಪೆಚ್ಚಾದೆ. ಎರಡನೆಯ ಸಲ ಕಟ್ಟಿದ ವಿಷಯಗಳಷ್ಟೇ ಎರಡನೆಯ ಕಾರ್ಡಿನಲ್ಲಿ ಇರುತ್ತವೆ. ಮೊದಲೇ ಪಾಸಾಗಿದ್ದ ನಾಲ್ಕರ ಅಂಕ ಆ ಫೇಲಾದ ಕಾರ್ಡಿನಲ್ಲೇ ಇತ್ತು. ಅಪ್ಪ ಒಲೆಗೆ ಹಾಕಿದ ಕಾರ್ಡಿನಲ್ಲಿ.

ಇನ್ನೆರಡು ಶಾಲೆಗಳಲ್ಲೂ ಅದೇ ಮಾತು. ನಕಲು ಕಾರ್ಡಿಗೆ ಗುಬ್ಬಿಯ ಕಾಲೇಜಿನಲ್ಲಿ ಅರ್ಜಿ ಕೊಟ್ಟೆ. ಬೆಂಗಳೂರಿಂದ ಬರಬೇಕು, ಮುಂದಿನ ವಾರ ಬಾ ಅಂದರು. ಮುಂದಿನ ವಾರ ಹೋದರೆ ಅದರ ಮುಂದಿನ ವಾರ. ಎರಡು ತಿಂಗಳು ಹೀಗೇ ಅಲೆದೆ. ಕಾಲೇಜಿನ ಜವಾನನಿಗೂ ನನ್ನ ಮುಖ ಕಂಡರೆ ಬೇಜಾರಾಗುತ್ತಿತ್ತು. ಸಂಜೆ ಮನೆಗೆ ಬಂದರೆ ಅಪ್ಪ ಗಿರಣಿ ನಿಲ್ಲಿಸಿ ಕೇಳುತ್ತಿದ್ದ, "ಏನಂದ್ರವ್ವ?"

"ಬಂದಿಲ್ವಂತೆ."

ರೆಪ್ಪೆಯ ಮೇಲಿನ ಹಿಟ್ಟನ್ನು ಟವೆಲಿನಿಂದ ಒರೆಸಿಕೊಂಡು ಮತ್ತೆ ಒಳಗೆ ಹೋಗುತ್ತಿದ್ದ.

ಕೊನೆಗೆ ಕುಣಿಗಲ್ಲಿನ ಒಂದು ಶಾಲೆಯಲ್ಲಿ ಸೀಟು ಉಳಿದಿವೆ ಎಂದು ಗೊತ್ತಾಯಿತು. ಗೊತ್ತಾದ ದಿನವೇ ಅರ್ಜಿಗೆ ಕೊನೆಯ ದಿನ. ಆ ವರ್ಷ ತಪ್ಪಿದರೆ ನನ್ನನ್ನು ಇನ್ನು ಓದಿಸುವುದಿಲ್ಲ, ಗಂಡು ನೋಡುತ್ತಾರೆ ಎಂಬುದು ಮನೆಯಲ್ಲಿ ತೀರ್ಮಾನವಾಗಿತ್ತು. ಅವತ್ತು ಅಪ್ಪ ಗಿರಣಿ ಮುಚ್ಚಿ ನನ್ನ ಜೊತೆ ಹೊರಟ. ತುಮಕೂರಿನಲ್ಲಿ ಬಸ್ಸು ಬದಲಿಸಿ ಕುಣಿಗಲ್ಲು ಮುಟ್ಟುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು.

ಪ್ರಿನ್ಸಿಪಾಲರು ವಯಸ್ಸಾದ ಹೆಂಗಸು. ಕಾರ್ಡು ತಿರುಗಿಸಿ ನೋಡಿ, "ಮೊದಲ್ನೇ ಕಾರ್ಡ್ ಎಲ್ಲಮ್ಮ?" ಅಂದರು.

"ಸುಟ್ಟೋಯ್ತು ಮೇಡಂ. ನಕಲು ಇನ್ನೂ ಬಂದಿಲ್ಲ."

"ಕಾರ್ಡಿಲ್ದೆ ನಾನೇನ್ ಮಾಡ್ಲಿ? ಇವತ್ತೇ ಕೊನೆ."

ನಾನು ಎದ್ದೆ. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ನಿಂತಿದ್ದ ಅಪ್ಪ ಆಗ ಬಾಯಿ ಬಿಟ್ಟ. "ಸುಟ್ಟಿಲ್ಲ ಮೇಡಮ್ಮೋರೆ. ಅದ್ರೊಳ್ಗೇ ಐತೆ."

ಯಾರಿಗೂ ಅರ್ಥವಾಗಲಿಲ್ಲ. ಅಪ್ಪನೇ ಬಂದು ಲ್ಯಾಮಿನೇಷನ್ ಮೇಲೆ ಬೆರಳಿಟ್ಟು ತೋರಿಸಿದ. ಸರ್ಕಾರದ ಕಾಗದ ಸುಡಲು ಕೈ ಬರದೆ ಬಚ್ಚಿಟ್ಟಿದ್ದನಂತೆ, ಸುಟ್ಟೆ ಅಂದಮೇಲೆ ಇದೆ ಅನ್ನಲು ನಾಚಿಕೆಯಾಗಿತ್ತಂತೆ. ಪಾಸಾದ ಕಾರ್ಡಿನ ಬೆನ್ನಿಗೆ ಆ ಕಾರ್ಡನ್ನು ಮುಖ ಒಳಗೆ ಮಾಡಿ ಇಡಿಸಿ, ಎರಡನ್ನೂ ಸೇರಿಸಿ ಪ್ಲಾಸ್ಟಿಕ್ ಹಾಕಿಸಿದ್ದ. ರಟ್ಟು ಅಂದಿದ್ದು ಅದನ್ನೇ.

ಅಲ್ಲಿಯ ಗುಮಾಸ್ತೆ ಬ್ಲೇಡು ತಂದು ನಾಲ್ಕು ಅಂಚನ್ನೂ ಸೀಳಿದರು. ಒಳಗಿಂದ ಆ ಕಾರ್ಡು ನಿನ್ನೆ ಕೊಟ್ಟಷ್ಟು ಹೊಸದಾಗಿ ಬಂತು, ಮೂಲೆಯಲ್ಲಿ ಮೊಳೆಯ ತೂತೊಂದು ಬಿಟ್ಟರೆ. ಪ್ರಿನ್ಸಿಪಾಲರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "ಬಯಾಲಜಿ ಎಪ್ಪತ್ತೊಂದು! ನಮಗೆ ಬೇಕಾಗಿರೋದೇ ಇದು. ಇದನ್ನ ಯಾಕ್ರೀ ಬಚ್ಚಿಟ್ರಿ?" ಎರಡೂ ಕಾರ್ಡು ಕೂಡಿಸಿ ನೋಡಿ, ಜೆರಾಕ್ಸ್ ಇಟ್ಟುಕೊಂಡು, ಸೋಮವಾರ ಒರಿಜಿನಲ್ ತಂದು ಸೇರಿಕೋ ಅಂದರು.

ಸೀಟು ಸಿಕ್ಕಿದ ಸಂತೋಷ ನನಗೆ ಆಗಲೇ ಇಲ್ಲ. ಬಸ್ಸಿನಲ್ಲಿ ಮೈಯೆಲ್ಲ ಉರಿಯುತ್ತಿತ್ತು. ಎರಡು ತಿಂಗಳು ನಾನು ನಾಯಿಯ ಹಾಗೆ ಅಲೆದೆ. ಅಷ್ಟೂ ದಿನ ಆ ಕಾಗದ ನನ್ನ ಕೈಯಲ್ಲೇ ಇತ್ತು. ಇವನು ಪ್ರತಿ ಸಂಜೆ ಏನಂದ್ರವ್ವ ಅಂತ ಕೇಳುತ್ತಿದ್ದ, ಬಾಯಿ ಮಾತ್ರ ಬಿಡಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತೆ. ತುಮಕೂರು ಹತ್ತಿರ ಬಂದಾಗ ಅಪ್ಪ ಮೆಲ್ಲಗೆ ಕೇಳಿದ.

"ಆವಮ್ಮ ಎಪ್ಪತ್ತೊಂದು ಅಂದ್ರಲ್ಲ, ಅದು ಎಲ್ ಬರ್ದವ್ರೆ?"

ಕಾರ್ಡನ್ನು ಕವರಿನಿಂದ ತೆಗೆದು ತೋರಿಸಿದೆ. ಆ ಅಂಕದ ಮೇಲೆ ಬೆರಳಿಟ್ಟ. ಉಗುರಿನ ಸಂದಿಯಲ್ಲಿ ರಾಗಿ ಹಿಟ್ಟು ಕೂತಿತ್ತು.

"ಇದ್ನ ಅವತ್ತು ಯಾಕೆ ಹೇಳ್ಲಿಲ್ಲ ನೀನು?" ಅಂತ ಅಪ್ಪ ಕೇಳಿದ.

ಹೌದು, ನಾನೂ ಹೇಳಿರಲಿಲ್ಲ. ಎರಡು ವಿಷಯ ಹೋದವಳು ಎಪ್ಪತ್ತೊಂದರ ಮಾತು ಯಾವ ಮುಖ ಇಟ್ಟುಕೊಂಡು ಎತ್ತಲಿ? "ನೀನು ಕೇಳಿದ್ಯಾ?" ಅಂದೆ.

ಅಪ್ಪ ಬೆರಳು ತೆಗೆಯಲಿಲ್ಲ. "ಗೊತ್ತಿದ್ದಿದ್ರೆ ಇದ್ನೇ ಮ್ಯಾಲಕ್ಕೆ ಹಾಕಿಸ್ತಿದ್ದೆ ಕಣವ್ವ" ಅಂದ.