ಲೋಕಪ್ಪ ಮೇಷ್ಟ್ರ ಎರಡು ಬಣ್ಣದ ಕಲ್ಲು

ಶಿಕಾರಿಪುರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತರಾದ ಲೋಕಪ್ಪ ಮೇಷ್ಟ್ರಿಗೆ ಬಣ್ಣವೆಂದರೆ ಒಂದೇ ಕಡೆ ನಿಲ್ಲಬಾರದು. ನೀರಿನಂತೆ ಹರಿದರೂ ಹರಳಿನಂತೆ ಸಾಲುಗಟ್ಟುವ ದ್ರವಸ್ಫಟಿಕವನ್ನು ಗಾಜಿಗೆ ಸವರಿ, ಬಿಸಿಲಲ್ಲಿ ಗಟ್ಟಿಯಾಗಿಸಿ, ಕೆರೆದು, ಕುಟ್ಟಾಣಿಯಲ್ಲಿ ಪುಡಿ ಮಾಡುತ್ತಾರೆ. ನೋಡುವ ಕೋನ ಬದಲಾದಂತೆ ಬಣ್ಣ ಬದಲಿಸುವ ಆ ಪುಡಿಯನ್ನು ಅಂಗೈಯಲ್ಲಿ ವಾಲಿಸುತ್ತ ಕೂತರೆಂದರೆ ಗುಡವಿ ಪಕ್ಷಿಧಾಮದ ಹಕ್ಕಿಗಳೆಲ್ಲ ಕೈಗಿಳಿದಂತೆ ಮೈಮರೆಯುತ್ತಾರೆ, ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯುವುದಿಲ್ಲ. ‘ತಳಕ್ಕೆ ಕಪ್ಪು ಬಳೀದಿದ್ರೆ ಬಣ್ಣ ಏಳೋದಿಲ್ಲ ರೀ’ ಎನ್ನುತ್ತ ಕೊಡಕ್ಕೂ ಸೈಕಲ್ಲಿಗೂ ಮೊದಲು ಮಸಿ ಬಳಿಯುತ್ತಾರೆ. ಮೊದಲೇ ಕಪ್ಪಗಿರುವ ಎಮ್ಮೆಯ ಕೊಂಬಿಗೆ ಮಾತ್ರ ಆ ಕೆಲಸವಿಲ್ಲ. ಆಮೇಲೆ ಪುಡಿ ಕಲಸಿದ ಬಣ್ಣ ಬಳಿದು, ದಾರಿಹೋಕರನ್ನು ಕರೆದು ಎರಡು ಕಡೆ ನಿಲ್ಲಿಸುತ್ತಾರೆ. ಒಬ್ಬ ಹಸಿರೆಂದರೆ ಇನ್ನೊಬ್ಬ ನೀಲಿಯೆಂದು ಜಗಳಕ್ಕೇ ಬರುತ್ತಾನೆ. ‘ಇಬ್ರೂ ಖರೇನೇ ಹೇಳ್ತೀರಿ, ನಿಂತ ಜಾಗ ಬ್ಯಾರೆ ಅಷ್ಟೇ’ ಎಂದು ಮೇಷ್ಟ್ರು ನಗುತ್ತಾರೆ. ಈ ಮಾತನ್ನು ಅವರು ಅಣ್ಣ ಪರಸಪ್ಪನಿಗೆ ಮಾತ್ರ ಹೇಳಿರಲಿಲ್ಲ. ಇಬ್ಬರ ಹೊಲದ ನಡುವಿನ ಬಾಂದುಕಲ್ಲನ್ನು ಸರಿಸಿದ್ದು ಯಾರೆಂಬ ವಾದದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟು ಹನ್ನೆರಡು ವರ್ಷ. ಮೊನ್ನೆ ಮೇಷ್ಟ್ರು ಆ ಕಲ್ಲಿಗೂ ಬಣ್ಣ ಬಳಿದು, ತಮ್ಮ ಬದಿಯಲ್ಲೇ ಕೂತರು. ಬಿಸಿಲೇರುವ ಹೊತ್ತಿಗೆ ಆಚೆಯಿಂದ ಅಣ್ಣನ ದನಿ ಬಂತು: ‘ಲೋಕ್ಯಾ, ಕಲ್ಲಿಗ್ಯಾಕೋ ನೀಲಿ ಬಳ್ದೀಯ?’ ಕಣ್ಣೆದುರಿನ ಹಸಿರು ಮೇಷ್ಟ್ರಿಗೆ ಮಸುಕಾಯಿತು. ‘ಈ ಕಡೆ ಬಂದು ನೋಡಣ್ಣ’ ಎಂದರು.