ಟ್ರಂಕ್ ಕಾಲ್ ಶಿವಕುಮಾರಿಯವರ ಫೈರ್‌ವಾಲ್

ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಯಾರ ಮನೆಯ ಕಂಪ್ಯೂಟರಿಗೆ ಏನೇ ಕಾಯಿಲೆ ಬಂದರೂ ಮೊದಲ ಕರೆ ಹೋಗುವುದು ಶಿವಕುಮಾರಿಯವರಿಗೆ. ವಯಸ್ಸು ಅರವತ್ತಮೂರು. ಹಣೆಯ ಮೇಲೆ ವಿಭೂತಿ, ಕೈಯಲ್ಲೊಂದು ಬಟ್ಟೆಯ ಚೀಲ, ಚೀಲದಲ್ಲಿ ಸ್ಕ್ರೂಡ್ರೈವರ್, ಒಂದು ಕೇಬಲ್, ಒಂದು ಡಬ್ಬಿ ಹುರಿಗಡಲೆ. ಟೆಲಿಫೋನ್ ಇಲಾಖೆಗೆ, ಊರಿಂದೂರಿಗೆ ಕರೆ ಜೋಡಿಸುವ ಟ್ರಂಕ್ ಆಪರೇಟರಾಗಿ ಸೇರಿ, ಬ್ರಾಡ್‌ಬ್ಯಾಂಡ್ ದೂರುಗಳ ವಿಭಾಗದಲ್ಲಿ ನಿವೃತ್ತರಾದವರು. ಹಳಬರಿಗೆ ಅವರು ಇಂದಿಗೂ ಟ್ರಂಕ್ ಕಾಲ್ ಶಿವಕುಮಾರಿ, ಹೊಸಬರಿಗೆ ಫೈರ್‌ವಾಲ್ ಆಂಟಿ. ಎರಡಕ್ಕೂ ಓಗೊಡುತ್ತಾರೆ.

ನಮ್ಮ ಜನರ ವಿಚಾರ ಕೇಳಬೇಡಿ. ಮುಂಬಾಗಿಲಿಗೆ ಎರಡೆರಡು ಚಿಲಕ, ಜೊತೆಗೊಂದು ಬೀಗ. ವೈಫೈ ಪಾಸ್‌ವರ್ಡ್ ಮಾತ್ರ ಹಾಲಿನ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ. ಬಂದ ನೆಂಟರು ಕೇಳಿದರೆ ಹುಡುಕುತ್ತಾ ಕೂರಬಾರದಲ್ಲ.

ಮೊನ್ನೆ ಎದುರುಮನೆ ಗೌರೀಶ ಕರೆದ. ಸೈಟು ಕೊಡಿಸುವ ವ್ಯವಹಾರ ಅವನದು. ಯಾರೋ ಹೊರಗಿನಿಂದ ಅವನ ಮನೆಯ ಕಂಪ್ಯೂಟರುಗಳಿಗೆ ನುಗ್ಗಿ, ಇದ್ದಬದ್ದ ಫೈಲುಗಳಿಗೆಲ್ಲ ಬೀಗ ಜಡಿದು ಹೋಗಿದ್ದರು. ಬಿಎಸ್ಸಿ ಓದುವ ಮಗಳು ಯಶಶ್ರೀಯ ಪ್ರಾಜೆಕ್ಟೂ ಅದರಲ್ಲಿ ಹೋಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಅಂಥ ಹೊತ್ತಿನಲ್ಲೇ ಶಿವಕುಮಾರಿಯವರಿಗೆ ಎಲ್ಲ ಮನೆಗಳಿಂದಲೂ ಕರೆ ಬರುವುದು.

ರೂಟರಿನ ಒಳಹೊಕ್ಕು ನೋಡಿದರು. ಗೇಟಿಗೆ ಕ್ಯಾಮೆರಾ ಹಾಕಿದವನು ಹೊರಗಿನಿಂದ ಒಳಬರುವ ದಾರಿಯೊಂದನ್ನು ತೆರೆದಿಟ್ಟು, ಮುಚ್ಚದೆ ಹೋಗಿದ್ದ. ಕಳ್ಳರಿಂದ ಕಾಯಲು ಹಾಕಿಸಿದ ಕ್ಯಾಮೆರಾವೇ ಕಳ್ಳರಿಗೆ ದಾರಿ ಕೊಟ್ಟಿತ್ತು. ಶಿವಕುಮಾರಿಯವರು ಅದನ್ನು ಮುಚ್ಚಿದರು, ಪಾಸ್‌ವರ್ಡ್ ಬದಲಿಸಿದರು, ಫೈರ್‌ವಾಲ್ ಚಾಲೂ ಮಾಡಿದರು.

"ಇದು ಏನ್ಮಾಡುತ್ತೆ ಅಕ್ಕ?" ಎಂದು ಗೌರೀಶ ಪಕ್ಕದಲ್ಲಿ ಕೂತ.

"ನೀನು ಕರೆದೋರನ್ನ ಒಳಗೆ ಬಿಡುತ್ತೆ. ಕರೀದೇ ಬಂದೋರಿಗೆ ಬಾಗಿಲು ತೆಗೆಯಲ್ಲ. ಅಷ್ಟೇ ಕಣಪ್ಪಾ."

ಗೌರೀಶ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಒಳಗಿನೋರು ಎಲ್ಲೆಲ್ಲಿ ಹೋಗ್ತಾರೆ ಅಂತ ನನ್ನ ಮೊಬೈಲಿಗೆ ಬರೋ ಹಾಗೆ ಮಾಡಬಹುದಂತಲ್ಲ? ಯಶು ಯಾರ ಜೊತೆನೋ ಜಾಸ್ತಿ ಮಾತಾಡ್ತಾಳೆ. ಯಾವಾಗ ನೋಡಿದ್ರೂ ಬಾಗಿಲು ಹಾಕ್ಕೊಂಡಿರ್ತಾಳೆ. ಅವಳಿಗೆ ತಿಳಿಯೋದು ಬೇಡ."

ಮಾಡಬಹುದಿತ್ತು. ಪರದೆಯ ಮೇಲೆ ಒಂದು ಟಿಕ್ ಹಾಕಿದರೆ ಮುಗಿಯಿತು. ಶಿವಕುಮಾರಿಯವರ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಆ ಮನೆಯ ವಿಷಯದಲ್ಲಿ ಇಂಥ ಕೆಲಸ ಅವರಿಗೆ ಮೊದಲನೆಯದಾಗಿರಲಿಲ್ಲ.

ಎಂಬತ್ತಮೂರನೇ ಇಸವಿ. ಅವರಿಗೆ ಇಪ್ಪತ್ತೆರಡು, ಕೆಲಸಕ್ಕೆ ಸೇರಿ ಎರಡು ವರ್ಷ. ಟ್ರಂಕ್ ಕಾಲ್ ಜೋಡಿಸಿದರೆ ಮೂರು ನಿಮಿಷಕ್ಕೊಮ್ಮೆ ನಡುವೆ ಬಂದು, ಮುಂದುವರಿಸುತ್ತೀರಾ ಎಂದು ಕೇಳಬೇಕು. ಕಿವಿಗೆ ಬಿದ್ದದ್ದು ಬಾಯಿಗೆ ಬರಬಾರದು ಎನ್ನುವುದು ಅಲ್ಲಿ ಮೊದಲು ಕಲಿಸುವ ಪಾಠ. ಒಂದು ದಿನ ಅಂಚೆ ಕಚೇರಿಯಿಂದ ಧಾರವಾಡಕ್ಕೆ ಬುಕ್ಕಾದ ಕರೆಯ ನಡುವೆ ಹೋದಾಗ ಎದುರುಮನೆ ಪ್ರತಿಭಾಳ ದನಿ ಕೇಳಿಸಿತು. ಗೌರೀಶನ ಅಕ್ಕ, ಇವರ ಜೊತೆ ಕುಂಟಾಬಿಲ್ಲೆ ಆಡಿ ಬೆಳೆದವಳು. "ಪರೀಕ್ಷೆ ಮುಗೀಲಿ, ಮನೇಲಿ ನಾನೇ ಹೇಳ್ತೀನಿ" ಎಂದು ಯಾರೋ ಹುಡುಗನಿಗೆ ಹೇಳುತ್ತಿದ್ದಳು.

ಅಂದು ಸಂಜೆ ಅವರೆಕಾಯಿ ಸುಲಿಯುತ್ತಾ ಶಿವಕುಮಾರಿ ತಮ್ಮ ತಾಯಿ ಬಸವಮ್ಮನವರ ಮುಂದೆ ಅದನ್ನು ಆಡಿಬಿಟ್ಟರು. ಕೆಟ್ಟ ಮನಸ್ಸಿನಿಂದಲ್ಲ, ಗೆಳತಿಯ ಗುಟ್ಟೊಂದು ತಿಳಿದ ಸಂಭ್ರಮಕ್ಕೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾತು ಬೀದಿ ದಾಟಿ ಪ್ರತಿಭಾಳ ತಂದೆ ದೊಡ್ಡಬೈರಪ್ಪನವರ ಕಿವಿ ಮುಟ್ಟಲು ಮೂರು ದಿನ ಹಿಡಿಯಿತು. ಪರೀಕ್ಷೆಗೆ ಮೊದಲೇ ಕಾಲೇಜು ಬಿಡಿಸಿ, ತಿಂಗಳೊಳಗೆ ಕುಣಿಗಲ್ ಕಡೆಗೆ ಮದುವೆ ಮಾಡಿ ಕಳಿಸಿದರು. ಯಾರು ಹೇಳಿದ್ದು ಎಂದು ಯಾರೂ ಕೇಳಲಿಲ್ಲ, ಶಿವಕುಮಾರಿಯವರೂ ಹೇಳಲಿಲ್ಲ. ಈಗ ಮಾವಳ್ಳಿಯಲ್ಲಿ ಮಗನ ಜೊತೆ ಇರುವ ಪ್ರತಿಭಾ ಪ್ರತಿ ಸಂಕ್ರಾಂತಿಗೆ ಬಂದು ಎಳ್ಳು ಕೊಟ್ಟು ಹೋಗುತ್ತಾಳೆ. ಆ ಎಳ್ಳನ್ನು ನಲವತ್ತು ವರ್ಷದಿಂದ ಅವರು ಕಷ್ಟಪಟ್ಟು ನುಂಗುತ್ತಿದ್ದರು.

"ಅದು ನನ್ನ ಕೈಲಾಗಲ್ಲ, ಗೌರೀಶ" ಎಂದರು.

"ಒಂದು ಟಿಕ್ ಅಲ್ವಾ ಅಕ್ಕ? ನನ್ನ ಮಗಳ ಒಳ್ಳೇದಕ್ಕೇ ತಾನೆ ಕೇಳ್ತಿರೋದು?"

"ನಿಮ್ಮಪ್ಪನೂ ಒಳ್ಳೇದಕ್ಕೇ ಅಂದ್ಕೊಂಡಿದ್ರು. ಪ್ರತಿಭಾಳ ವಿಷಯ ಅವರಿಗೆ ತಿಳಿದಿದ್ದು ನನ್ನಿಂದ. ಅವಳು ಫೋನಲ್ಲಿ ಮಾತಾಡಿದ್ದನ್ನ ಕೇಳಿಸ್ಕೊಂಡು ಮನೇಲಿ ಹೇಳಿದೋಳು ನಾನೇ."

ಗೌರೀಶ ಕೈಯಲ್ಲಿದ್ದ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದ. "ಅಕ್ಕನ ಕಾಲೇಜು ಪುಸ್ತಕಗಳನ್ನ ಅಪ್ಪ ಹಳೇ ಪೇಪರಿನವನಿಗೆ ಹಾಕಿಸಿದ್ರು. ಹೊತ್ಕೊಂಡು ಹೋಗಿ ಕೊಟ್ಟಿದ್ದು ನಾನು. ಹತ್ತು ವರ್ಷ ಆಗ ನಂಗೆ" ಎಂದ. ಎದ್ದು ಒಳಗೆ ಹೋದ. ಶಿವಕುಮಾರಿಯವರು ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದಿಟ್ಟು, ಟಿಕ್ ಹಾಕದೆ ಪರದೆ ಮುಚ್ಚಿದರು. ಆ ಮನೆಯಲ್ಲಿ ಮೊದಲ ಬಾರಿಗೆ ಕಾಫಿ ಬರಲಿಲ್ಲ. ಬಾರದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡು ಚಪ್ಪಲಿ ಮೆಟ್ಟಿದರು.

ಮಾರನೆಯ ದಿನ ಹನ್ನೊಂದು ಗಂಟೆಗೆ ಫೋನು ಬಂತು. ಪರದೆಯ ಮೇಲೆ ಪ್ರತಿಭಾಳ ಹೆಸರಿತ್ತು. ಆದರೂ ಎತ್ತಿದರು.

"ಗೌರೀಶ ಬಂದಿದ್ದ. ಎಲ್ಲಾ ಹೇಳ್ದ" ಎಂದಳು ಪ್ರತಿಭಾ.

"ಪ್ರತಿಭಾ, ನಾನು..."

"ನಂಗೆ ಗೊತ್ತಿತ್ತು ಕಣೇ ಶಿವಿ. ಆವತ್ತು ಮಧ್ಯ ಬಂದು, ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ ಅಂದ್ಯಲ್ಲ, ನಿನ್ನ ದನಿ ನಂಗೆ ಗುರ್ತು ಸಿಗಲ್ವಾ? ನಮ್ಮ ಶಿವೀನೇ ತಾನೆ, ಯಾರಿಗೂ ಹೇಳಲ್ಲ ಅಂತ ಇನ್ನೂ ಮೂರು ನಿಮಿಷ ಧೈರ್ಯವಾಗಿ ಮಾತಾಡ್ದೆ."

ಜೀವಮಾನವೆಲ್ಲ ಇಬ್ಬರ ನಡುವೆ ಮಾತು ಜೋಡಿಸಿದ ಶಿವಕುಮಾರಿಯವರಿಗೆ ತಮ್ಮದೇ ಒಂದು ಮಾತು ಹೊರಡಲಿಲ್ಲ.

"ಯಶುದು ಟಿಕ್ ಹಾಕಿಲ್ಲ ತಾನೆ?" ಎಂದಳು ಪ್ರತಿಭಾ.

"ಇಲ್ಲ ಕಣೇ."

"ಹಾಕ್ಬೇಡ. ಗೌರೀಶ ಮತ್ತೆ ಬಂದು ಕೇಳಿದ್ರೂ ಹಾಕ್ಬೇಡ."